ಕರೆ ಬಂದ ಮೇಲಿನ ಕಲಿಕೆ

ಪುಣೆಯ ಯೆರವಡಾ ದಾಟಿ ನಗರ ರಸ್ತೆ ಹಿಡಿದರೆ ರಾಮವಾಡಿಯ ಪೇಪಲ್ ಸೆಮಿನರಿ. ಈ ನೆಲದ ಮಕ್ಕಳೇ ಇಲ್ಲಿನ ಗುರುಗಳಾಗಲೆಂದು ಪೋಪ್ 13ನೇ ಲಿಯೋ 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಸ್ಥಾಪಿಸಿದ್ದು, 1955ರಲ್ಲಿ ಪುಣೆಗೆ ಬಂತು. ದೈವಕರೆ ಕೇಳಿ ಬಂದವರನ್ನೂ ಇಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿಸುತ್ತಾರೆ. ಇದು ನನಗೆ ಬಲು ಮೆಚ್ಚುಗೆ. ಬಲಿಪೂಜೆಯಲ್ಲಿ ಶುಭಸಂದೇಶದ ಓದು ಮುಗಿದು, ಜನ ಬೆಂಚಿನಲ್ಲಿ ಕೂತು ಗುರುಗಳತ್ತ ತಲೆಯೆತ್ತುವ ಗಳಿಗೆಗೆ ಬರೀ ಭಕ್ತಿ ಸಾಲದು. ಅವರ ಬದುಕಿಗೆ ತಾಕುವ ಮಾತು ಬೇಕು.

ಆ ಮಾತಿಗಾಗಿ ದುಡಿದವರು ನಮ್ಮ ಉತ್ತಂಗಿ ಚೆನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಸುವಾರ್ತೆ ಸಾರುತ್ತಲೇ, ಜನರ ಬದುಕಿಗೆ ತಾಕುವ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಎಂಥ ಶ್ರದ್ಧೆ! 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅಧ್ಯಕ್ಷರನ್ನಾಗಿ ಕರೆದದ್ದು ಈ ಪಾದ್ರಿಯನ್ನೇ.