‘ನಿಲ್ಸಿ’ ಅಂದವರು ಮುಂದೆ ಬರಬೇಕು

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವುಂಟು. ಆದರೆ ಪಕ್ಕದಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆ ನಮ್ಮ ಶಾಲೆಗಳ ಬಿಸಿಯೂಟದ ಸಾಲಿನಲ್ಲಿ ಇನ್ನೂ ಬಾಕಿಯಿದೆ. ಕಳಸ, ಮೂಡಿಗೆರೆ ಕಡೆಯ ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ. ಮನೆಗೆ ಹೋದರೆ ತುಳು, ಕೊಂಕಣಿ, ಬ್ಯಾರಿ, ತಮಿಳು. ಈಚೆಗೆ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಅಸ್ಸಾಮಿನ ಕುಟುಂಬಗಳೂ ಬಂದಿವೆ. ಇಂಥ ಕಡೆ, ‘ನಾವೆಲ್ಲ ಒಂದೇ’ ಎಂದು ಹಾಡಿ ಪರದೆ ಎಳೆಯುವ ವಾರ್ಷಿಕೋತ್ಸವದ ನಾಟಕ ಸಾಲುವುದಿಲ್ಲ. ನೋಡುವವರೂ ಒಳಗೆ ಬಂದು ಆಡುವ ಫೋರಂ ನಾಟಕ ಬೇಕು.

ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೊಆಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿದ್ದಾಗ, ಪ್ರೇಕ್ಷಕರು ಹೇಳಿದ ಪರಿಹಾರವನ್ನು ನಟರು ಆಡಿ ತೋರಿಸುತ್ತಿದ್ದರು. ಒಬ್ಬ ಹೆಂಗಸಿಗೆ ಎಷ್ಟು ಸಲ ಆಡಿದರೂ ಸಮಾಧಾನವಾಗಲಿಲ್ಲ. ಹಾಗಾದರೆ ನೀವೇ ಬನ್ನಿ ಎಂದು ಬೊಆಲ್ ಕರೆದರು. ಫೋರಂ ನಾಟಕ ಹುಟ್ಟಿದ್ದು ಹೀಗೆ. ನಮ್ಮಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಬೀದಿ ನಾಟಕವನ್ನು ಊರೂರಿಗೆ ಒಯ್ದಿತು, ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿ ಕಟ್ಟಿದರು. ಆ ಋಣ ದೊಡ್ಡದು. ಆದರೆ ಅಲ್ಲಿ ನೋಡುವವರು ಕೊನೆಯವರೆಗೂ ನೋಡುವವರೇ.

ದೃಶ್ಯ ಹೀಗಿರಲಿ. ಬಿಸಿಯೂಟದ ಸಾಲು. ಲೈನ್ ಮನೆಯ ಹುಡುಗ ತಟ್ಟೆ ಹಿಡಿದು ಬಂದು ಕೂರುತ್ತಾನೆ. ಪಕ್ಕದವನು ತನ್ನ ತಟ್ಟೆಯನ್ನು ಒಂದು ಗೇಣು ಆಚೆ ಸರಿಸುತ್ತಾನೆ. ಆಚೆಯವಳೂ ಸರಿಸುತ್ತಾಳೆ. ಸಾಲಿನ ಕೊನೆಯಲ್ಲೊಬ್ಬ ಎಲ್ಲವನ್ನೂ ಕಂಡೂ ಸುಮ್ಮನೆ ಉಣ್ಣುತ್ತಿರುತ್ತಾನೆ. ಬೈಗುಳವಿಲ್ಲ, ಮಾತೇ ಇಲ್ಲ. ಸಿಮೆಂಟಿನ ಮೇಲೆ ಸ್ಟೀಲ್ ತಟ್ಟೆ ಉಜ್ಜಿದ ಸದ್ದು ಮಾತ್ರ. ಮೂರೇ ನಿಮಿಷ. ಆಮೇಲೆ ಅದನ್ನೇ ಮತ್ತೆ ಮೊದಲಿಂದ ಆಡಬೇಕು. ಈ ಸಲ ‘ನಿಲ್ಸಿ’ ಎಂದವರು ಒಳಗೆ ಬರಬೇಕು.

ಮೊದಲು ಬರುವ ಮಗು ಸಾಮಾನ್ಯವಾಗಿ ಬುದ್ಧಿ ಹೇಳುತ್ತದೆ: ‘ಎಂತದಾ, ಅವ್ನೂ ನಮ್ ಹಾಗೇ ಅಲ್ವಾ?’ ಚಪ್ಪಾಳೆ ಬೀಳುತ್ತದೆ, ತಟ್ಟೆ ಮಾತ್ರ ವಾಪಸು ಬರುವುದಿಲ್ಲ. ಇನ್ನೊಂದು ಮಗು ಮೇಷ್ಟ್ರನ್ನು ಕರೆತರುತ್ತದೆ. ಮೂವರೂ ಒತ್ತಿ ಕೂರುತ್ತಾರೆ, ಯಾರೂ ಮಾತಾಡುವುದಿಲ್ಲ. ನಾನು ಕಾಯುವುದು ಇದರ ನಂತರ ಬರುವ ಮಗುವಿಗೆ. ಅದು ಎಲ್ಲವನ್ನೂ ಕಂಡೂ ಸುಮ್ಮನೆ ಉಣ್ಣುತ್ತಿದ್ದವನ ಪಾತ್ರ ವಹಿಸಿಕೊಂಡು, ಎದ್ದು ಹೋಗಿ ಆ ಹುಡುಗನ ಎದುರು ಕೂತು ಕೇಳೀತು: ‘ಕಬಡ್ಡಿಗೆ ಬರ್ತೀಯಾ ಮಾರಾಯ? ನಮ್ ಕಡೆ ಒಬ್ಬ ಕಮ್ಮಿ.’ ತರಗತಿಯಲ್ಲಿ ಹೆಚ್ಚಿನವರು ತಟ್ಟೆ ಸರಿಸಿದವರಲ್ಲ, ನೋಡಿ ಸುಮ್ಮನಿದ್ದವರು. ಹಾಗಾಗಿ ನಾಟಕ ತಟ್ಟಬೇಕಾದ್ದು ಅವರಿಗೇ.

ಇದಕ್ಕೆ ಕಟ್ಟುಪಾಡುಗಳುಂಟು. ತಟ್ಟೆ ಸರಿಸಿದವನ ಪಾತ್ರಕ್ಕೆ ಬಂದು ಅವನನ್ನು ಏಕಾಏಕಿ ಒಳ್ಳೆಯವನನ್ನಾಗಿ ಮಾಡುವಂತಿಲ್ಲ. ನಿಜಜೀವನದಲ್ಲಿ ಅಂಥ ಮಾಯ ನಡೆಯುವುದಿಲ್ಲ. ಬೊಆಲ್ ‘ಜೋಕರ್’ ಎಂದು ಕರೆದ ಸೂತ್ರಧಾರ ತೀರ್ಪು ಕೊಡಬಾರದು. ‘ಇದು ನಾಳೆ ಇಲ್ಲಿ ಆಗುತ್ತಾ?’ ಎಂದಷ್ಟೇ ಕೇಳಬೇಕು. ಉಪದೇಶದ ಚಪಲವಿರುವ ಶಿಕ್ಷಕರಿಗೆ ಇದು ಬಹಳ ಕಷ್ಟ. ಮತ್ತೆ, ಲೈನ್ ಮನೆಯ ಹುಡುಗನ ಪಾತ್ರವನ್ನು ಲೈನ್ ಮನೆಯ ಹುಡುಗನಿಗೆ ವಹಿಸಲೇಬಾರದು. ದಿನವೂ ಉಣ್ಣುವ ನೋವನ್ನು ಅವನು ಎಲ್ಲರೆದುರು ಆಡಿ ತೋರಿಸಬೇಕಿಲ್ಲ.

ಮಳೆಗಾಲದ ತಾಳಮದ್ದಳೆ ಕೇಳಿ ಬೆಳೆದ ಸೀಮೆಯಿದು. ಬರೆದಿಟ್ಟ ಮಾತಿಲ್ಲದೆ, ಭಾಗವತರ ಪದ್ಯದ ಎಳೆ ಹಿಡಿದು ನಿಂತಲ್ಲೇ ಅರ್ಥ ಹೇಳುವುದು ಇಲ್ಲಿಯವರಿಗೆ ಹೊಸತಲ್ಲ. ಆದರೆ ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗ ಬದಲಾಗದು, ಅವನು ಸಾಯಲೇಬೇಕು. ಫೋರಂ ನಾಟಕದಲ್ಲಿ ಪ್ರಸಂಗವನ್ನೇ ತಿರುಗಿಸಬಹುದು. ಐದನೇ ತರಗತಿಯ ಹುಡುಗಿಗೂ ಆ ಅಧಿಕಾರವಿದೆ. ನನ್ನನ್ನು ಈ ಪ್ರಕಾರಕ್ಕೆ ಕಟ್ಟಿಹಾಕಿರುವುದು ಇದೇ.

ಇದನ್ನು ಸ್ಪರ್ಧೆಗೆ ಇಡಬೇಡಿ. ಬಹುಮಾನ ಬಂತೆಂದರೆ ಮಕ್ಕಳು ತೀರ್ಪುಗಾರರಿಗೆ ಬೇಕಾದ ಉತ್ತರವನ್ನೇ ಆಡುತ್ತಾರೆ. ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದಕ್ಕೆ ಹೇಳಿಮಾಡಿಸಿದ ದಿನ. ವೇದಿಕೆ, ಮೈಕು, ಬಣ್ಣ ಯಾವುದೂ ಬೇಡ, ಜಗಲಿ ಸಾಕು. ಕಾಫಿ ಕೊಯ್ಲು ಮುಗಿಯುತ್ತಲೇ ಲೈನ್ ಮನೆಗಳ ಎಷ್ಟೋ ಕುಟುಂಬಗಳು ಊರು ಬಿಡುತ್ತವೆ. ಡಿಸೆಂಬರಿನಲ್ಲಿ ಆಗಬೇಕಾದ್ದನ್ನು ಪರೀಕ್ಷೆ ಮುಗಿಯಲಿ ಎಂದು ಮಾರ್ಚಿಗೆ ತಳ್ಳಬೇಡಿ.