ಸ್ಲೋನ್‌ನ ಕಿಟಕಿ, ಹಾಪರ್‌ನ ಕಿಟಕಿ

ನ್ಯೂಯಾರ್ಕ್, ರಾತ್ರಿ, ಕಿಟಕಿ ಅಂದರೆ ಸಾಕು, ನಮ್ಮ ಕಲಾವಿಮರ್ಶಕರ ಬಾಯಿಂದ ಉದುರುವುದು ಒಂದೇ ಹೆಸರು: ಎಡ್ವರ್ಡ್ ಹಾಪರ್. ಹಾಪರ್ ಸಣ್ಣ ಕಲಾವಿದನೇನಲ್ಲ, ಆ ಮಾತು ಬೇರೆ. ಆದರೆ ಅವನು ಎಚಿಂಗ್, ಅಂದರೆ ತಗಡಿನ ಮೇಲೆ ಸೂಜಿಯಿಂದ ಗೀರಿ ಆಸಿಡ್‌ನಲ್ಲಿ ಕೊರೆಸಿ ಅಚ್ಚು ತೆಗೆಯುವ ಕಲೆಯನ್ನು, ಕೈಗೆತ್ತಿಕೊಂಡದ್ದು 1915ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಅದೇ ಊರಿನ ಮಾಳಿಗೆ, ಓಣಿ, ಮಲಗುವ ಕೋಣೆಗಳನ್ನೆಲ್ಲ ತಾಮ್ರದ ತಗಡಿಗೆ ಇಳಿಸಿದ್ದ ಜಾನ್ ಸ್ಲೋನ್ ಮಾತ್ರ ಹಾಪರನ ಪೂರ್ವಸೂರಿ ಎಂಬ ಅಡಿಟಿಪ್ಪಣಿಯಲ್ಲೇ ಉಳಿದುಬಿಟ್ಟಿದ್ದಾನೆ. ಮುದ್ರಣಕಲೆಯ ಮಟ್ಟಿಗಾದರೂ ಈ ಲೆಕ್ಕ ತಲೆಕೆಳಗಾಗಿದೆ.

ಸ್ಲೋನ್ ಫಿಲಡೆಲ್ಫಿಯಾದ ಪತ್ರಿಕೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆದವನು. 1904ರಲ್ಲಿ ನ್ಯೂಯಾರ್ಕಿಗೆ ಬಂದ. 1905-06ರಲ್ಲಿ ಆ ನಗರದ ಬದುಕಿನ ಹತ್ತು ಎಚಿಂಗ್‌ಗಳ ಮಾಲೆ ಮಾಡಿದ. 1906ರಲ್ಲಿ ಅಮೆರಿಕನ್ ವಾಟರ್ ಕಲರ್ ಸೊಸೈಟಿ ತನ್ನ ಪ್ರದರ್ಶನಕ್ಕೆ ಅವನ್ನು ತರಿಸಿಕೊಂಡು, ಹತ್ತರಲ್ಲಿ ನಾಲ್ಕನ್ನು ಅಸಭ್ಯವೆಂದು ವಾಪಸು ಕಳಿಸಿತು. ಆ ಮಾಲೆಯ 'ರೂಫ್ಸ್, ಸಮ್ಮರ್ ನೈಟ್' ನೋಡಿದರೆ ರಾಯಚೂರು, ಕಲಬುರಗಿಯವರು ನಕ್ಕಾರು. ಬೇಸಿಗೆಯ ಧಗೆಗೆ ಜನ ಹಾಸಿಗೆ ಹೊತ್ತು ಮಾಳಿಗೆ ಹತ್ತಿ ಮಲಗಿದ್ದಾರೆ, ಅಷ್ಟೇ. ಒಬ್ಬನಿಗೆ ಮಾತ್ರ ನಿದ್ದೆ ಬಂದಿಲ್ಲ. ಪಕ್ಕದಲ್ಲಿ ಹೆಂಡತಿ ಮಲಗಿದ್ದರೂ ಅವನ ಕಣ್ಣು ಆಚೆ ಮಲಗಿದ ಇನ್ನೊಬ್ಬಳ ಮೇಲಿದೆ.

ನಿದ್ದೆಗೆಟ್ಟ ಈ ಗಂಡಸು 1910ರ 'ನೈಟ್ ವಿಂಡೋಸ್'ನಲ್ಲಿ ಮತ್ತೆ ಸಿಗುತ್ತಾನೆ. ನನ್ನ ತಕರಾರಿನ ಕೇಂದ್ರ ಆ ತಗಡೇ. ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಕಣ್ಣು ಮೊದಲು ಹೋಗುವುದು ದೀಪ ಹತ್ತಿಸಿದ ಕಿಟಕಿಗೆ: ಅಲ್ಲಿ ಒಳಉಡುಪಿನ ಹೆಂಗಸು. ಆ ಬೆಳಕು ಬರಿಯ ಕಾಗದ, ಆಸಿಡ್ ಮುಟ್ಟದೆ ಉಳಿದ ಜಾಗ. ಸುತ್ತಲಿನ ಕತ್ತಲೆಯನ್ನು ಮಾತ್ರ ಸ್ಲೋನ್ ಸೂಜಿಯಲ್ಲಿ ಗೀರಿದ್ದಾನೆ, ಗೆರೆಯ ಮೇಲೆ ಅಡ್ಡಗೆರೆ, ಅದರ ಮೇಲೆ ಇನ್ನೊಂದು. ಆ ಗೆರೆಗಳ ದಟ್ಟಣೆಯೊಳಗೆ ಕಣ್ಣು ಪಳಗಿದ ಮೇಲೆ ಮಾಳಿಗೆಯ ಮೇಲೆ ಕೂತ ಗಂಡಸು ಕಾಣುತ್ತಾನೆ. ಅವನೂ ಅವಳನ್ನೇ ನೋಡುತ್ತಿದ್ದಾನೆ. ಅಂದರೆ ಇಷ್ಟು ಹೊತ್ತು ನಾವು ಮಾಡಿದ್ದನ್ನೇ ಅವನು ಮಾಡುತ್ತಿದ್ದಾನೆ. ಅಷ್ಟರಲ್ಲಿ ಅವನ ಕೆಳಗಿನ ಕಿಟಕಿ: ಅವನ ಹೆಂಡತಿ ಅವನದೇ ಬಟ್ಟೆ ಒಗೆದು ಒಣಹಾಕುತ್ತಿದ್ದಾಳೆ. ಈ ಮೂರನೆಯ ಆಕೃತಿಯನ್ನು ಕಂಡ ಮೇಲೆ ಮೊದಲ ಕಿಟಕಿಗೆ ಮರಳಿದರೆ ಅದು ಮೊದಲಿನಂತೆ ಕಾಣುವುದಿಲ್ಲ. ಬಿಟ್ಟಿ ದರ್ಶನದ ಹಿಂದೆ ಯಾರದೋ ದುಡಿಮೆ ಇದೆಯೆಂದು ಸ್ಲೋನ್ ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣು ಹಾಯುವ ದಾರಿಯನ್ನು ಹಾಗೆ ಹಾಕಿಕೊಟ್ಟಿದ್ದಾನೆ.

ಈಗ ಹಾಪರ್. 1928ರ ಅವನ ತೈಲಚಿತ್ರದ ಹೆಸರೂ 'ನೈಟ್ ವಿಂಡೋಸ್'. ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಬೆಳಗುವ ಮೂರು ಕಿಟಕಿ, ಒಂದರಿಂದ ಹೊರಗೆ ಹಾರುವ ಪರದೆ, ನಡುವಿನದರಲ್ಲಿ ಬಗ್ಗಿದ ಹೆಂಗಸಿನ ಬೆನ್ನು. ಮುಖವಿಲ್ಲ. ನೋಡುವವನಂತೂ ಇಲ್ಲವೇ ಇಲ್ಲ. ನೋಟ ಗಾಳಿಯಲ್ಲಿ ತೇಲುತ್ತಿದೆ, ಅದಕ್ಕೆ ಮೈಯಿಲ್ಲ, ಮನೆಯಿಲ್ಲ, ಬಟ್ಟೆ ಒಗೆಯುವ ಹೆಂಡತಿಯಿಲ್ಲ. ಇಣುಕುವ ಸುಖವನ್ನು ಪೂರಾ ಕೊಟ್ಟು, ಇಣುಕಿದ್ದರ ಹೊಣೆಯನ್ನು ಮಾತ್ರ ಹಾಪರ್ ಒರೆಸಿಹಾಕಿದ್ದಾನೆ. ಇದನ್ನು ವಿಮರ್ಶಕರು ಸಂಯಮ ಅನ್ನುತ್ತಾರೆ. ನನಗಿದು ಜಾಣತನ. ಸ್ಲೋನ್‌ನ ಎಚಿಂಗ್‌ಗಳು ಹಾಪರನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ: ಒಂದೇ ವರ್ಷದ ಹಿಂದೆ, 1927ರಲ್ಲಿ, 'ದಿ ಆರ್ಟ್ಸ್' ಪತ್ರಿಕೆಯಲ್ಲಿ ಸ್ಲೋನ್‌ನನ್ನು ಮೆಚ್ಚಿ ಲೇಖನ ಬರೆದವನು ಅವನೇ. ಕದ್ದ ಎಂದು ನಾನು ಹೇಳುತ್ತಿಲ್ಲ. ಏನನ್ನು ಕೈಬಿಟ್ಟ ಎಂಬುದನ್ನು ನೋಡಿ ಎನ್ನುತ್ತಿದ್ದೇನೆ.

ಹಾಗಾದರೆ ನಮ್ಮವರಿಗೆ ಹಾಪರ್ ಮೇಲೇಕೆ ಇಷ್ಟು ಮೋಹ? ಉತ್ತರ ಇರುವುದು ನ್ಯೂಯಾರ್ಕಿನಲ್ಲಲ್ಲ, ಕನ್ನಡ ನವ್ಯದಲ್ಲಿ. ಅನಾಥಪ್ರಜ್ಞೆ, ಪರಕೀಯತೆ, ಅಸ್ತಿತ್ವದ ಶೂನ್ಯ ಎಂಬ ಪದಗಳನ್ನು ಅರೆದು ಕುಡಿದ ವಿಮರ್ಶಕನಿಗೆ ಖಾಲಿ ಕೋಣೆಯಲ್ಲಿ ಒಂಟಿ ಹೆಂಗಸು ಸಿಕ್ಕರೆ ಬರೆಯುವ ಕೆಲಸ ಅರ್ಧ ಮುಗಿದಂತೆ. ಹಾಪರನ ಚಿತ್ರ ಆ ಪದಗಳಿಗೆ ತೆಗೆದಿಟ್ಟ ಜಾಗ. ಸ್ಲೋನ್‌ನ ಮಾಳಿಗೆಯಲ್ಲಿ ಅವಕ್ಕೆ ಕಾಲಿಡಲೂ ಸ್ಥಳವಿಲ್ಲ, ಅಲ್ಲಿ ಜನವೋ ಜನ. ಸಾಹಿತ್ಯದಲ್ಲಿ ನವ್ಯವನ್ನು ಪ್ರಶ್ನಿಸಿ ನಾಲ್ಕೈದು ದಶಕಗಳೇ ಆದವು, ಕಲಾವಿಮರ್ಶೆಯಲ್ಲಿ ಅದರ ಪಳೆಯುಳಿಕೆಗಳು ಹಾಯಾಗಿವೆ. ಇನ್ನೊಂದು ಬಣದವರು ಇದ್ದಾರೆ, ಬಂಡಾಯದ ಕಡೆಯಿಂದ ಬಂದವರು. ಸ್ಲೋನ್ ಸಮಾಜವಾದಿ, 'ದಿ ಮಾಸಸ್' ಪತ್ರಿಕೆಯ ಕಲಾ ಸಂಪಾದಕ ಎಂದು ತಿಳಿದೊಡನೆ ಅವನ ಹೆಂಗಸರನ್ನೆಲ್ಲ ಶೋಷಿತರ ಪಟ್ಟಿಗೆ ಸೇರಿಸುತ್ತಾರೆ. ಅವನು ಸಮಾಜವಾದಿ ಪಕ್ಷ ಸೇರಿದ್ದು 1910ರಲ್ಲಿ, ಆ ಹತ್ತು ತಗಡುಗಳು ಮುಗಿದ ಮೇಲೆ. 'ಟರ್ನಿಂಗ್ ಔಟ್ ದಿ ಲೈಟ್'ನಲ್ಲಿ ಹಾಸಿಗೆಯ ಮೇಲೆ ಮೊಣಕಾಲೂರಿ ಗ್ಯಾಸ್ ದೀಪ ಆರಿಸಲು ಕೈಚಾಚಿದವಳು ಹೆಗಲ ಮೇಲಿಂದ ಗಂಡಸಿನ ಕಡೆ ತಿರುಗುವ ಆ ಮುಖ ನೋಡಿ. ಅಲ್ಲಿ ಶೋಷಣೆ ಕಾಣುವವರಿಗೆ ಏನು ಹೇಳೋಣ?

ಸ್ಲೋನ್‌ನಲ್ಲಿ ಕುಂದಿಲ್ಲವೇ? ಇದೆ. 'ಫಿಫ್ತ್ ಅವೆನ್ಯೂ ಕ್ರಿಟಿಕ್ಸ್'ನ ಸಾರೋಟಿನ ಶ್ರೀಮಂತ ಹೆಂಗಸರು ವ್ಯಂಗ್ಯಚಿತ್ರಕ್ಕೆ ಜಾರಿದ್ದಾರೆ, ಪತ್ರಿಕೆಯ ಕೈ ಅಲ್ಲಿ ಸುಲಭಕ್ಕೆ ಒಲಿದಿದೆ. ಮುಂದೆ ಬಣ್ಣದ ನಗ್ನಚಿತ್ರಗಳ ಮೇಲೂ ಗೆರೆಗಳ ಬಲೆ ಹೆಣೆದು ತನ್ನ ಹೆಸರನ್ನು ತಾನೇ ಕೆಡಿಸಿಕೊಂಡ. ಬಿಡಿ.

ಅವನ ಹಿನ್ನಡೆಗೆ ಇನ್ನೊಂದು ಕಾರಣ ಗೋಡೆ. ಇಷ್ಟು ಚಿಕ್ಕ ಅಚ್ಚುಗಳನ್ನು ದೊಡ್ಡ ಮ್ಯೂಸಿಯಮ್ಮಿನ ಮಬ್ಬುಬೆಳಕಿನಲ್ಲಿ ಸಾಲಾಗಿ ನೇತುಹಾಕಿದರೆ ಕಾಣುವುದು ಬೂದು ಚೌಕಗಳು. ಹಾಪರನ ಎಚಿಂಗ್ 'ನೈಟ್ ಶ್ಯಾಡೋಸ್' ಅಲ್ಲೂ ಗೆಲ್ಲುತ್ತದೆ, ಏಕೆಂದರೆ ಅದರ ದಪ್ಪ ಕಪ್ಪು ದೂರದಿಂದಲೇ ಕೂಗುತ್ತದೆ. ಸ್ಲೋನ್‌ಗೆ ಬೇಕಾದ್ದು ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಗೊಡುವ ಪುಟ್ಟ ಗ್ಯಾಲರಿ. ಅವನ ಕೈಹಿಡಿದದ್ದೂ ಅಂಥವೇ: 1916ರಲ್ಲಿ ಗರ್ಟ್ರೂಡ್ ವಿಟ್ನಿಯ ಸ್ಟುಡಿಯೋ, ಆಮೇಲೆ ಕ್ರೌಸ್‌ಹಾರ್ ಗ್ಯಾಲರಿ.

ನಮ್ಮ ಕಲಾಶಾಲೆಗಳ ಗ್ರಾಫಿಕ್ ವಿಭಾಗದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಹಾಪರನ 'ನೈಟ್ ವಿಂಡೋಸ್' ಪರದೆಯ ಮೇಲೆ ತೋರಿಸುವ ದಿನ, ಸ್ಲೋನ್‌ನ 'ನೈಟ್ ವಿಂಡೋಸ್' ಅನ್ನು ಮೂಲದಷ್ಟೇ ಅಳತೆಗೆ ಅಚ್ಚು ಹಾಕಿಸಿ ಮಕ್ಕಳ ಕೈಗೆ ಕೊಡಿ. ಬಟ್ಟೆ ಒಣಹಾಕುವ ಆ ಹೆಂಗಸನ್ನು ಅವರೇ ಹುಡುಕಿಕೊಳ್ಳಲಿ.