ಚಲಚ್ಚಿತ್ರದಲ್ಲಿ ಕೃತಕಮಾನವ

ಭಯವನ್ನು ಹುಟ್ಟಿಸುವ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಭಯವು ಇಳಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಉಳಿಸಿ ಹೋಗುವಂಥವು ವಿರಳ. ಮತಿಗೆಟ್ಟ ವಿಜ್ಞಾನಿಯೊಬ್ಬನು ಹೆಣದ ಅವಯವಗಳಿಂದಲೋ, ಮಣ್ಣಿನಿಂದಲೋ, ಲೋಹದಿಂದಲೋ ಮನುಷ್ಯಾಕೃತಿಯನ್ನು ನಿರ್ಮಿಸಿ, ಅದಕ್ಕೆ ಜೀವವನ್ನಿತ್ತು, ಕಡೆಗೆ ಅದರಿಂದಲೇ ಕೆಡುವ ಕಥೆಯು ಈ ಎರಡನೆಯ ಜಾತಿಗೆ ಸೇರಿದುದು. ಪಾಶ್ಚಾತ್ಯ ಚಲಚ್ಚಿತ್ರವು 1910ರಿಂದಲೇ ಈ ಕಥೆಯನ್ನು ಬಗೆಬಗೆಯಾಗಿ ಹೇಳುತ್ತ ಬಂದಿದೆ. ಇವೆಲ್ಲ ಹುಡುಗರನ್ನು ಹೆದರಿಸುವ ಬೊಂಬೆಯಾಟವೆಂದು ಸುಶಿಕ್ಷಿತರ ಮನೆಗಳಲ್ಲಿ ಕಡೆಗಣಿಸುವುದು ರೂಢಿ. ಹಾಗೆ ಕಡೆಗಣಿಸುವ ಮುನ್ನ, ಆ ವಿಜ್ಞಾನಿಯ ಹುಚ್ಚು ಯಾವುದು, ಅವನ ಅಪರಾಧವು ನಿಜವಾಗಿ ಎಲ್ಲಿದೆ ಎಂಬುದನ್ನು ವಿಚಾರಿಸತಕ್ಕದ್ದು.

ಈ ಚಿತ್ರಗಳಿಗೆಲ್ಲ ಮಾತೃಸ್ಥಾನದಲ್ಲಿರುವ ಕೃತಿಯು ಮೇರಿ ಶೆಲ್ಲಿ ಎಂಬ ಆಂಗ್ಲ ಮಹಿಳೆಯ ‘ಫ್ರಾಂಕೆನ್‌ಸ್ಟೈನ್’. 1816ರಲ್ಲಿ ಜಿನೀವಾ ಸರೋವರದ ತೀರದಲ್ಲಿ ಅದನ್ನು ಆರಂಭಿಸಿದಾಗ ಆಕೆಗೆ 18 ವರ್ಷ. 1818ರಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ. ನೂರು ವರ್ಷ ಕಳೆದ ಮೇಲೆ ಜರ್ಮನಿಯ ಮೂಕಚಿತ್ರಗಳು ಈ ವಸ್ತುವಿಗೆ ಕಣ್ಣಿಗೆ ಕಾಣುವ ರೂಪವನ್ನು ಕೊಟ್ಟುವು. 1920ರ ‘ಗೋಲೆಮ್’ ಚಿತ್ರದಲ್ಲಿ ಪ್ರಾಗ್ ನಗರದ ಯೆಹೂದಿ ಗುರುವು ತನ್ನ ಜನರ ರಕ್ಷಣೆಗಾಗಿ ಮಣ್ಣಿನ ಮನುಷ್ಯನನ್ನು ಎಬ್ಬಿಸುತ್ತಾನೆ. 1927ರ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ರೋಟ್‌ವಾಂಗನೆಂಬ ವಿಜ್ಞಾನಿಯು ಲೋಹದ ಸ್ತ್ರೀಯನ್ನು ನಿರ್ಮಿಸುತ್ತಾನೆ. ಇವೆರಡಕ್ಕಿಂತಲೂ ಜನಮನದಲ್ಲಿ ಆಳವಾಗಿ ನಿಂತುದು 1931ರ ಅಮೇರಿಕೆಯ ವಾಕ್ಚಿತ್ರ ‘ಫ್ರಾಂಕೆನ್‌ಸ್ಟೈನ್’. ಅದರ ನಿರ್ದೇಶಕ ಜೇಮ್ಸ್ ವೇಲ್. ಕೃತಕಮಾನವನ ಪಾತ್ರವನ್ನು ವಹಿಸಿದವನು ಬೋರಿಸ್ ಕಾರ್ಲಾಫ್.

ನಮ್ಮಲ್ಲಿ ಈ ಕಥೆಯನ್ನು ಕೇಳಿದೊಡನೆ ಬಾಯಿಗೆ ಬರುವ ಹೋಲಿಕೆಗಳು ಎರಡು: ಒಂದು ಭಸ್ಮಾಸುರನಿಗೆ ಕೊಟ್ಟ ವರ, ಇನ್ನೊಂದು ಪಂಚತಂತ್ರದಲ್ಲಿ ಸಿಂಹವನ್ನು ಬದುಕಿಸಿದ ಪಂಡಿತರ ಕಥೆ. ಹೋಲಿಕೆಗಳೇನೋ ಸೊಗಸಾಗಿವೆ, ಆದರೆ ಪೂರ್ತಿಯಾಗಿ ಹೊಂದುವುದಿಲ್ಲ. ಭಸ್ಮಾಸುರನು ತಪಸ್ಸು ಮಾಡಿ ವರವನ್ನು ಬೇಡಿದವನು. ಫ್ರಾಂಕೆನ್‌ಸ್ಟೈನನ ಸೃಷ್ಟಿಯು ಏನನ್ನೂ ಬೇಡಲಿಲ್ಲ, ಜೀವವನ್ನು ಸಹ. ಪಂಡಿತರಲ್ಲಿ ಒಬ್ಬನು ಎಲುಬುಗಳನ್ನು ಜೋಡಿಸಿದನು, ಇನ್ನೊಬ್ಬನು ರಕ್ತಮಾಂಸಚರ್ಮಗಳನ್ನು ಕೂಡಿಸಿದನು, ಮೂರನೆಯವನು ಪ್ರಾಣವನ್ನಿತ್ತನು. ಶಾಸ್ತ್ರವನ್ನರಿಯದಿದ್ದರೂ ಬುದ್ಧಿಯುಳ್ಳ ನಾಲ್ಕನೆಯವನು ಮರವನ್ನು ಹತ್ತಿಕೊಂಡನು. ಅಲ್ಲಿ ಎದ್ದುದು ಸಿಂಹ. ತಿನ್ನುವುದು ಅದರ ಸ್ವಭಾವ. ಪಂಡಿತರು ಅದನ್ನು ಎಷ್ಟು ಪ್ರೀತಿಸಿದ್ದರೂ ಅದು ತಿನ್ನದೆ ಬಿಡುತ್ತಿರಲಿಲ್ಲ. ಮೇರಿ ಶೆಲ್ಲಿಯ ಕಥೆಯಲ್ಲಿ ಎದ್ದವನಾದರೋ ಕ್ರೂರಸ್ವಭಾವದಿಂದ ಹುಟ್ಟಿದವನಲ್ಲ. ಅವನು ಕಣ್ಣು ತೆರೆದ ಕ್ಷಣದಲ್ಲೇ, ಅವನ ರೂಪಕ್ಕೆ ಹೇಸಿ, ಅವನನ್ನು ಮಾಡಿದವನು ಓಡಿಹೋದನು. ಆದುದರಿಂದ ನಮ್ಮ ಕಥೆಯ ಉಪದೇಶವು ವಿವೇಕವಿಲ್ಲದ ವಿದ್ಯೆಯನ್ನು ಕುರಿತದ್ದು. ಅವರ ಕಥೆಯದು ಹಡೆದು ಕೈಬಿಟ್ಟ ಪಾಪವನ್ನು ಕುರಿತದ್ದು.

ಇನ್ನು ಚಿತ್ರದ ಗುಣಗಳನ್ನು ನೋಡಬಹುದು. ಭಯಾನಕಪಾತ್ರವನ್ನು ರಂಗಕ್ಕೆ ತರುವ ಕ್ರಮವನ್ನು ತೆಂಕುತಿಟ್ಟಿನ ಯಕ್ಷಗಾನವನ್ನು ಕಂಡ ಮಂಗಳೂರಿನ ಪ್ರೇಕ್ಷಕರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಅಕ್ಕಿಹಿಟ್ಟಿನ ಚಿಟ್ಟಿಯನ್ನಿಟ್ಟು, ಗಂಟೆಗಟ್ಟಲೆ ಕುಳಿತು ಮುಖವನ್ನು ಬರೆದುಕೊಂಡ ಬಣ್ಣದ ವೇಷವು ಒಮ್ಮೆಲೇ ಎದುರಿಗೆ ಬಂದು ನಿಲ್ಲುವುದಿಲ್ಲ. ಮೊದಲು ಆರ್ಭಟ, ಚೆಂಡೆಯ ಅಬ್ಬರ. ಅನಂತರ ತೆರೆಯ ಮರೆಯಿಂದ ಸ್ವಲ್ಪಸ್ವಲ್ಪವಾಗಿ ದರ್ಶನ. ವೇಲನೂ ಇದೇ ಮರ್ಮವನ್ನರಿತವನು. ಜಾಕ್ ಪಿಯರ್ಸ್ ಎಂಬ ಪ್ರಸಾಧಕನು ದಿನದಿನವೂ ಗಂಟೆಗಟ್ಟಲೆ ದುಡಿದು ಸಿದ್ಧಗೊಳಿಸಿದ ಆ ಮುಖವನ್ನು ಅವನು ಕೂಡಲೆ ತೋರಿಸುವುದಿಲ್ಲ. ಬಾಗಿಲಲ್ಲಿ ಕೃತಕಮಾನವನು ಬೆನ್ನುಹಾಕಿ ಒಳಬರುತ್ತಾನೆ, ಮೆಲ್ಲನೆ ತಿರುಗುತ್ತಾನೆ, ಬಳಿಕ ಛಾಯಾಯಂತ್ರವು ಹೆಜ್ಜೆಹೆಜ್ಜೆಯಾಗಿ ಆ ಮುಖದ ಸಮೀಪಕ್ಕೆ ನೆಗೆಯುತ್ತದೆ. ನಮ್ಮ ಚೌಕಿಯವರು ಕಂಡಿದ್ದರೆ ತಲೆದೂಗುತ್ತಿದ್ದರು.

ಆದರೆ ಚಿತ್ರದ ಹಿರಿಮೆಯಿರುವುದು ಅದರ ಅನಂತರದ ದೃಶ್ಯದಲ್ಲಿ. ಮಾಡಿನ ಕಿಂಡಿಯನ್ನು ತೆರೆದಾಗ ಬೆಳಕು ಒಳಕ್ಕೆ ಬೀಳುತ್ತದೆ. ಆ ಜೀವವು ಎಂದೂ ಬೆಳಕನ್ನು ಕಂಡುದಲ್ಲ. ಎರಡು ಕೈಗಳನ್ನೂ ಎತ್ತಿ ಅದನ್ನು ಹಿಡಿಯಲೆಳಸುತ್ತದೆ. ಕಿಂಡಿ ಮುಚ್ಚುತ್ತದೆ, ಕೈಗಳು ಬರಿದಾಗಿಯೇ ಉಳಿಯುತ್ತವೆ. ರೌದ್ರದಿಂದ ಕರುಣವೂ ಬೀಭತ್ಸದಿಂದ ಭಯಾನಕವೂ ಹುಟ್ಟುತ್ತವೆಂದು ಭರತಮುನಿಯು ಹೇಳಿದ್ದಾನೆ. ಹೊಲಿಗೆಯ ಗುರುತುಗಳುಳ್ಳ ಆ ದೇಹದ ಬೀಭತ್ಸವು ಭಯವನ್ನು ತರುವುದು ಸಹಜ. ಅಷ್ಟನ್ನು ಸಾಮಾನ್ಯ ನಟನೂ ಸಾಧಿಸಿಯಾನು. ಅದೇ ದೇಹದಲ್ಲಿ ಕರುಣವನ್ನು ನೆಲೆಗೊಳಿಸಿದುದು ಕಾರ್ಲಾಫನ ಪ್ರತಿಭೆ. ಭಯಾನಕಕ್ಕೆ ಕಪ್ಪುಬಣ್ಣ, ಕರುಣಕ್ಕೆ ಪಾರಿವಾಳದ ಬೂದುಬಣ್ಣ ಎಂಬುದು ಶಾಸ್ತ್ರದ ನಿಯಮ. ಬಣ್ಣಗಳಿಲ್ಲದ ಆ ಕಾಲದ ಚಿತ್ರಕ್ಕೆ ಈ ಎರಡು ಬಣ್ಣಗಳೇ ಸಾಕಾದುವು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮರೆಮಾಚುವುದು ವಿಮರ್ಶಕಧರ್ಮವಲ್ಲ. ಚಿತ್ರದ ಮುಖ್ಯ ದೋಷಗಳು ಎರಡು. ವಿಜ್ಞಾನಿಯ ಆಳು ಒಳ್ಳೆಯ ಮೆದುಳಿನ ಪಾತ್ರೆಯನ್ನು ಕೈತಪ್ಪಿ ಒಡೆದು, ಅಪರಾಧಿಯೊಬ್ಬನ ಮೆದುಳನ್ನು ಕದ್ದು ತರುತ್ತಾನೆ. ಇದು ಕಾದಂಬರಿಯಲ್ಲಿಲ್ಲದ ಸಂಗತಿ. ಇದರಿಂದ ಕಥೆಯ ಬೆನ್ನೆಲುಬೇ ಮುರಿಯುವಂತಾಗಿದೆ. ಕೇಡು ಮೆದುಳಿನಲ್ಲೇ ಇತ್ತೆಂದಾದರೆ ಕರ್ತೃವಿನ ಹೊಣೆ ಎಲ್ಲಿ ಉಳಿಯಿತು? ಪಾತ್ರೆ ಒಡೆದುದೇ ಅನರ್ಥಕ್ಕೆಲ್ಲ ಕಾರಣವೆಂದು ಪ್ರೇಕ್ಷಕನು ಸಮಾಧಾನಪಟ್ಟುಕೊಂಡು ಮನೆಗೆ ಹೋಗಬಹುದು. ಸುದೈವದಿಂದ, ಚಿತ್ರವು ತಾನೇ ಕಟ್ಟಿದ ಈ ನೆಪವನ್ನು ತಾನೇ ಸುಳ್ಳುಮಾಡುತ್ತದೆ: ಪಂಜಿನಿಂದ ತನ್ನನ್ನು ಪೀಡಿಸಿದವನನ್ನು ಅದು ಕೊಲ್ಲುತ್ತದೆ, ಹೂವನ್ನು ಕೊಟ್ಟ ಮಗುವಿನ ಮುಂದೆ ನಗುತ್ತದೆ. ಹೂಗಳು ತೇಲುವುದನ್ನು ಕಂಡು, ಮಗುವೂ ತೇಲುವುದೆಂದು ಬಗೆದು ಕೊಳಕ್ಕೆ ಎಸೆಯುವುದು ಅಜ್ಞಾನವೇ ಹೊರತು ಕ್ರೌರ್ಯವಲ್ಲ. ಈ ದೃಶ್ಯದ ಕೊನೆಯನ್ನು ಕತ್ತರಿಸಿ ಬಹುಕಾಲ ತೋರಿಸಲಾಯಿತು. 1980ರ ದಶಕದಲ್ಲಿ ಅದನ್ನು ಮತ್ತೆ ಸೇರಿಸಿದರು. ಕತ್ತರಿಸಿದುದರಿಂದ ಭಯವು ತಗ್ಗಲಿಲ್ಲ. ನೋಡಿದವರು ಇನ್ನೂ ಘೋರವಾದುದನ್ನು ಊಹಿಸಿಕೊಳ್ಳುವಂತಾಯಿತು.

ಎರಡನೆಯ ದೋಷವೆಂದರೆ ಕೃತಕಮಾನವನ ಬಾಯನ್ನು ಕಟ್ಟಿದುದು. ಕಾದಂಬರಿಯಲ್ಲಿ ಅವನು ಮಿಲ್ಟನ್, ಪ್ಲುಟಾರ್ಕರ ಗ್ರಂಥಗಳನ್ನು ಓದಿದ ವಾಗ್ಮಿ. ತನ್ನ ಕರ್ತೃವಿನ ಎದುರಿಗೆ ನಿಂತು ನ್ಯಾಯವನ್ನು ಕೇಳುವವನು. ವಾಕ್ಚಿತ್ರದಲ್ಲಿಯೋ, ಎಲ್ಲರೂ ಮಾತಾಡುತ್ತಾರೆ, ಅವನೊಬ್ಬನು ಮಾತ್ರ ಗುರುಗುಟ್ಟುತ್ತಾನೆ. ತಾಳಮದ್ದಳೆಯನ್ನು ಕೇಳಿ ಬೆಳೆದ ಸೀಮೆಯವರಿಗೆ ಇದು ದೊಡ್ಡ ಕೊರತೆಯಾಗಿ ಕಾಣುವುದು. ನಮ್ಮ ಪ್ರಸಂಗಗಳಲ್ಲಿ ಯಾವ ರಕ್ಕಸನೂ ತನ್ನ ಪಕ್ಷವನ್ನು ಹೇಳದೆ ಸಾಯುವುದಿಲ್ಲ, ಸೋಲುವವನಿಗೂ ಅರ್ಥವುಂಟು. 1935ರಲ್ಲಿ ವೇಲನೇ ನಿರ್ದೇಶಿಸಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಈ ಕೊರತೆಯು ಕೊಂಚ ತುಂಬಿದೆ. ಅಲ್ಲಿ ಕುರುಡ ಸಂನ್ಯಾಸಿಯೊಬ್ಬನು ಅವನಿಗೆ ಅನ್ನವನ್ನಿಟ್ಟು ನಾಲ್ಕು ಮಾತುಗಳನ್ನು ಕಲಿಸುತ್ತಾನೆ. ರೂಪವನ್ನು ಕಾಣದವನೇ ಅವನನ್ನು ಮನುಷ್ಯನೆಂದು ಬಗೆದನೆಂಬಲ್ಲಿ ಧ್ವನಿಯಿದೆ, ಅದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯು ವಿಚಾರಾರ್ಹವಾದುದು. ಈ ಜೀವಕ್ಕೆ ಕಾದಂಬರಿಯಲ್ಲಾಗಲಿ ಚಿತ್ರದಲ್ಲಾಗಲಿ ಹೆಸರಿಲ್ಲ. 1931ರ ಚಿತ್ರದ ಆರಂಭದ ಪಾತ್ರಸೂಚಿಯಲ್ಲಿ ಆ ಪಾತ್ರದ ಎದುರಿಗೆ ನಟನ ಹೆಸರಿನ ಬದಲು ಪ್ರಶ್ನಚಿಹ್ನೆಯೊಂದನ್ನು ಮಾತ್ರ ಇಟ್ಟಿದ್ದಾರೆ. ಅದೇ ಸೂಚಿಯಲ್ಲಿ ಗ್ರಂಥಕರ್ತ್ರಿಯನ್ನು ಗಂಡನ ಹೆಸರಿನಿಂದ, ಶ್ರೀಮತಿ ಪರ್ಸಿ ಶೆಲ್ಲಿ ಎಂದು ನಮೂದಿಸಿದೆ. ಕಥೆಯನ್ನು ಹಡೆದವಳ ಹೆಸರೂ ಮರೆಯಾಯಿತು, ಕಥೆಯಲ್ಲಿ ಹುಟ್ಟಿದವನಿಗೂ ಹೆಸರಾಗಲಿಲ್ಲ. ಜನರು ಕರ್ತೃವಿನ ಹೆಸರಿನಿಂದಲೇ ಕೃತಕನನ್ನು ಕರೆಯತೊಡಗಿದುದನ್ನು ತಪ್ಪೆಂದು ತಿದ್ದುವವರಿದ್ದಾರೆ. ಆದರೆ ಮಗನಿಗೆ ತಂದೆಯ ಹೆಸರು ಬರುವುದು ಲೋಕದ ನ್ಯಾಯವಲ್ಲವೆ? ತಂದೆಯು ಕೊಡಲೊಲ್ಲದುದನ್ನು ಜನರು ಕೊಟ್ಟರು.

ಇಲ್ಲಿ ಜರಾಸಂಧನ ಕಥೆಯನ್ನು ನೆನೆಯತಕ್ಕದ್ದು. ಬೃಹದ್ರಥನ ಇಬ್ಬರು ರಾಣಿಯರಲ್ಲಿ ಎರಡು ಹೋಳುಗಳಾಗಿ ಹುಟ್ಟಿ, ಚೌಕದಲ್ಲಿ ಎಸೆಯಲ್ಪಟ್ಟ ಆ ಶಿಶುವನ್ನು ಜರೆಯೆಂಬ ರಕ್ಕಸಿಯು ಕೂಡಿಸಿದಳು. ಜೋಡಿಸಿದ ದೇಹವೆಂದರೆ ಇದೇ. ಆದರೆ ರಕ್ಕಸಿಯು ಅದನ್ನು ಬಿಟ್ಟು ಓಡಲಿಲ್ಲ. ಅರಮನೆಗೆ ಒಯ್ದು ಒಪ್ಪಿಸಿದಳು. ಅರಸನು ಅವಳ ಹೆಸರನ್ನೇ ಮಗುವಿಗಿಟ್ಟನು. ಮುಂದೆ ಜರಾಸಂಧನು ದುಷ್ಟನಾದನು, ಭೀಮನಿಂದ ಸೀಳಲ್ಪಟ್ಟನು, ನಿಜ. ಆದರೂ ‘ಮಾಗಧ ವಧೆ’ಯ ಪ್ರಸಂಗದಲ್ಲಿ ಅವನು ವೀರನಾಗಿಯೇ ನಿಲ್ಲುತ್ತಾನೆ, ಹೆಸರಿಲ್ಲದ ಪಿಶಾಚಿಯಾಗಿ ಅಲ್ಲ.

ಕನ್ನಡದಲ್ಲಿ ಈ ವಸ್ತುವನ್ನು ಕೈಗೆತ್ತಿಕೊಂಡ ಚಿತ್ರವೆಂದರೆ 2002ರ ‘ಹಾಲಿವುಡ್’. ದಿನೇಶ್ ಬಾಬು ನಿರ್ದೇಶಿಸಿದ ಇದರಲ್ಲಿ ಉಪೇಂದ್ರರು ಮೂರು ಪಾತ್ರಗಳನ್ನು ವಹಿಸಿದ್ದಾರೆ, ಅವುಗಳಲ್ಲೊಂದು ಯಂತ್ರಪುರುಷನದು. ಯಂತ್ರಕ್ಕೆ ಪ್ರೇಮವು ಅಂಕುರಿಸಿದರೆ ಏನಾದೀತೆಂಬುದೇ ಕಥೆಯ ತಿರುಳು. ಇದು ವಿನೋದಪ್ರಧಾನವಾದ ಚಿತ್ರ. ವೇಲನ ಚಿತ್ರದ ಗಾಂಭೀರ್ಯವನ್ನು ಇದರಲ್ಲಿ ಅರಸುವುದು ಉಚಿತವಲ್ಲ. ಆದರೂ ಕರ್ತೃವಿಗೂ ಕೃತಕನಿಗೂ ಒಂದೇ ಮುಖವನ್ನಿಟ್ಟ ಕಲ್ಪನೆಯು ಸಾರ್ಥಕವಾದುದು: ತಾನು ಮಾಡಿದುದರಲ್ಲಿ ತನ್ನ ಆಸೆಯನ್ನೇ ಕಾಣಬೇಕಾಗಿ ಬಂದ ಕರ್ತೃವು ಅದನ್ನು ಅನ್ಯವೆಂದು ಜರೆಯಲಾರನು. ಈ ಬೀಜವನ್ನು ಬೆಳೆಸಬಲ್ಲ ಕನ್ನಡ ಕೃತಿಯು ಇನ್ನೂ ಬರಬೇಕಾಗಿದೆ.

ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣಸೂತ್ರಧಾರ’ದ ಯಂತ್ರಾಧ್ಯಾಯದಲ್ಲಿ ಮರದ ದ್ವಾರಪಾಲಕರೇ ಮೊದಲಾದ ಯಂತ್ರಗಳ ಪ್ರಸ್ತಾಪವಿದೆ. ಅವುಗಳ ರಚನಾಕ್ರಮವನ್ನು ಪೂರ್ತಿಯಾಗಿ ಹೇಳದಿರುವುದು ಅಜ್ಞಾನದಿಂದಲ್ಲ, ಗೋಪ್ಯಕ್ಕಾಗಿ ಎಂದು ಗ್ರಂಥಕಾರನು ತಿಳಿಸಿದ್ದಾನೆ. ಅಂಥ ಗೋಪ್ಯವು ಇಂದಿನ ಕಾಲಕ್ಕೆ ಸಾಧ್ಯವಲ್ಲ; ಪ್ರಶ್ನೆಗೆ ಉತ್ತರ ಹೇಳುವ ಯಂತ್ರಗಳು ಈಗ ಹುಡುಗರ ಅಂಗೈಗೆ ಬಂದಿವೆ. ಆದಕಾರಣ ವಿದ್ಯೆಯನ್ನು ಮುಚ್ಚಿಡಬೇಕೆಂಬ ಉಪದೇಶದಿಂದ ಪ್ರಯೋಜನವಿಲ್ಲ. ಮಾಡಿದುದಕ್ಕೆ ಹೊಣೆಯಾಗಿ ನಿಲ್ಲಬೇಕೆಂಬ ಉಪದೇಶವೇ ಉಳಿಯುವುದು. ತನ್ನ ಮೈಯ ಮಲದಿಂದ ಪಾರ್ವತಿಯು ಬಾಲಕನನ್ನು ಮಾಡಿದಳು. ಅವನ ಶಿರಸ್ಸು ಹೋದಾಗ, ಮಣ್ಣುಗೂಡಿದ ಬೊಂಬೆ ತಾನೆ ಎಂದು ಸುಮ್ಮನಾಗಲಿಲ್ಲ. ತನ್ನ ಮಗನನ್ನು ಬದುಕಿಸಿಕೊಡಬೇಕೆಂದು ಮೂರು ಲೋಕಗಳನ್ನೂ ನಡುಗಿಸಿದಳು. ಬೇರೊಂದು ತಲೆಯನ್ನು ಜೋಡಿಸಿದ ಆ ವಿಚಿತ್ರರೂಪವನ್ನು ಕಂಡು ಯಾರೂ ಹೆದರಲಿಲ್ಲ; ಎಲ್ಲ ಕಾರ್ಯಕ್ಕೂ ಮೊದಲು ಅವನನ್ನು ಪೂಜಿಸುತ್ತಾರೆ. ಫ್ರಾಂಕೆನ್‌ಸ್ಟೈನನು ಕಡಮೆಯ ವಿದ್ಯೆಯುಳ್ಳವನೇನೂ ಅಲ್ಲ. ಅವನಿಗಿಲ್ಲದೆ ಹೋದುದು ಈ ತಾಯ್ತನ. ಹಳೆಯ ಚಿತ್ರಗಳನ್ನು ಮಕ್ಕಳೊಡನೆ ಕುಳಿತು ನೋಡುವ ಮನೆಗಳಲ್ಲಿ, ದೀಪವನ್ನು ಹೊತ್ತಿಸಿದ ಮೇಲೆ, ಇಷ್ಟನ್ನು ಅವರಿಗೆ ತಿಳಿಯಹೇಳುವುದು ಹಿರಿಯರ ಕರ್ತವ್ಯ.